ಸ್ವಂತ ತೋಟದ ಎಳನೀರು

ಬೇಸಿಗೆ ಬಂತೆಂದರೆ ನನಗೆ ಎಳನೀರಿನದೇ ಚಿಂತೆ. ಹೃದಯ ವೈಫಲ್ಯ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾರದ ಸ್ಥಿತಿ) ಇರುವವರು ಬಡಿತ ಕುಸಿದು ತುರ್ತು ಘಟಕಕ್ಕೆ ಬಂದರೆ, ಇಸಿಜಿ ತೆಗೆಯುತ್ತಿರುವಾಗಲೇ ಕೇಳುತ್ತೇನೆ: "ದಿನಕ್ಕೆ ಎಷ್ಟು ಎಳನೀರು?"

ಮದ್ದೂರು ಕಡೆಯ ಹಿರಿಯರೊಬ್ಬರನ್ನು ಮಕ್ಕಳು ಹೀಗೆಯೇ ಕರೆತಂದಿದ್ದರು. ನಾಡಿ ನಿಮಿಷಕ್ಕೆ 34. ಪೇಸ್‌ಮೇಕರ್ ಹಾಕಿಸಲೇಬೇಕೆಂದು ಮನೆಯವರೆಲ್ಲ ಹಣ ಹೊಂದಿಸಿಕೊಂಡೇ ಬಂದಿದ್ದರು. ಇಸಿಜಿಯಲ್ಲಿ ಹೃದಯದ ಮೇಲಿನ ಕೋಣೆಗಳ ಅಲೆಯೇ ಕಾಣೆ. ಕೆಳಗಿನ ಕೋಣೆಗಳದ್ದು ಅಗಲವಾಗಿ ಹರಡಿಕೊಂಡಿತ್ತು. ರಕ್ತದಲ್ಲಿ ಪೊಟ್ಯಾಸಿಯಂ 7.6. ಇರಬೇಕಾದದ್ದು 3.5ರಿಂದ 5ರ ಒಳಗೆ. ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟ ಕೆಲವೇ ನಿಮಿಷಗಳಲ್ಲಿ ಅಲೆ ಕಿರಿದಾಗತೊಡಗಿತು. ಹಿಂದೆಯೇ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಟ್ಟೆವು. ಮರುದಿನ ನಾಡಿ 70. ಪೇಸ್‌ಮೇಕರ್ ಬೇಕಾಗಲಿಲ್ಲ.

"ದಿನಕ್ಕೆ ಮೂರು ಕುಡಿಯುತ್ತಿದ್ದೆ ಸಾರ್. ಆದರೆ ಸ್ವಂತ ತೋಟದ್ದು, ಔಷಧ ಹೊಡೆದದ್ದಲ್ಲ" ಎಂದರು.

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ಔಷಧ ಹೊಡೆಯದ ತೋಟದ ಎಳನೀರಿನಲ್ಲೂ ಪೊಟ್ಯಾಸಿಯಂ ಅಷ್ಟೇ ಇರುತ್ತದೆ. ಸಾಮಾನ್ಯವಾಗಿ ಒಂದು ಎಳನೀರಿನಲ್ಲಿ ಒಂದು ಬಾಳೆಹಣ್ಣಿನಷ್ಟು, ಎಷ್ಟೋ ಸಲ ಅದಕ್ಕಿಂತ ಹೆಚ್ಚು. ಗಟ್ಟಿ ಮೂತ್ರಪಿಂಡ ಅದನ್ನು ಹೊರಹಾಕಿಬಿಡುತ್ತದೆ. ಸೋತ ಹೃದಯದಿಂದ ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ಹೋಗುವುದಿಲ್ಲ. ಜೊತೆಗೆ ನಾವು ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಲೊಸಾರ್ಟಾನ್‌ನಂಥ ಮಾತ್ರೆಗಳು ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತವೆ. ಹೀಗೆ ಉಳಿದದ್ದು ಹೃದಯದ ವಿದ್ಯುತ್ ಹರಿವನ್ನು ನಿಧಾನಗೊಳಿಸುತ್ತ ಕೊನೆಗೆ ಬಡಿತವನ್ನೇ ನಿಲ್ಲಿಸಬಲ್ಲದು. ನೋವಿಲ್ಲ, ಸುಸ್ತು, ಕಾಲಿನಲ್ಲಿ ಬಲವಿಲ್ಲದಂತಾಗುವುದು, ಅಷ್ಟೇ. ಆ ಸುಸ್ತಿಗೆಂದು ಮನೆಯವರು ಪ್ರೀತಿಯಿಂದ ಇನ್ನೊಂದು ಎಳನೀರು ಕೆತ್ತಿ ಕೊಡುತ್ತಾರೆ.

ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ತೀವ್ರ ಹೃದಯ ವೈಫಲ್ಯದವರಲ್ಲಿ ಸ್ಪೈರೊನೊಲ್ಯಾಕ್ಟೋನ್ ಸಾವನ್ನು ಸುಮಾರು 30 ಶೇಕಡಾ ತಗ್ಗಿಸುತ್ತದೆಂದು 1999ರಲ್ಲೇ ದೊಡ್ಡ ಅಧ್ಯಯನವೊಂದು ತೋರಿಸಿದೆ. ಫ್ಯುರೊಸೆಮೈಡ್‌ನಂಥ ನೀರಿಳಿಸುವ ಮಾತ್ರೆಯದ್ದು ಉಲ್ಟಾ ಕೆಲಸ: ಪೊಟ್ಯಾಸಿಯಂ ಅನ್ನು ಹೊರದೂಡುತ್ತದೆ, ಅದು ತೀರಾ ಇಳಿದರೂ ಬಡಿತ ಅಪಾಯಕಾರಿಯಾಗಿ ಓಡಬಹುದು. ಹಾಗಾಗಿ ಎಳನೀರು ಎಲ್ಲರಿಗೂ ನಿಷಿದ್ಧವೆಂದೂ ನಾನು ಹೇಳಲಾರೆ. ನಿಮ್ಮ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ನೋಡಿದ ವೈದ್ಯರೇ ಅದನ್ನು ಹೇಳಬೇಕು.

ಮೊನ್ನೆ ಅದೇ ಹಿರಿಯರು ಬಂದಿದ್ದರು, ಪೊಟ್ಯಾಸಿಯಂ 4.6. ಚೀಲದಲ್ಲಿ ನನಗೆಂದು ನಾಲ್ಕು ಎಳನೀರು ತಂದಿದ್ದರು. ಸಂತೋಷದಿಂದ ಇಟ್ಟುಕೊಂಡೆ. ಊಟದ ಬಗ್ಗೆ ಕೇಳಿದಾಗ ಸೊಸೆ, "ಈಗ ಮಾಮೂಲಿ ಉಪ್ಪು ಬಿಟ್ಟು, ಸೋಡಿಯಂ ಕಡಿಮೆಯಿರುವ ಉಪ್ಪು ಹಾಕುತ್ತಿದ್ದೇನೆ ಡಾಕ್ಟ್ರೇ" ಎಂದರು. ಅಂಥ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಸೇರಿಸುವುದು ಪೊಟ್ಯಾಸಿಯಂ ಅನ್ನೇ. ಪೊಟ್ಟಣವನ್ನು ತರಿಸಿ, ಹಿಂದಿನ ಅಕ್ಷರಗಳನ್ನು ಅವರಿಂದಲೇ ಓದಿಸಿದೆ.