ಹೈಕೋರ್ಟ್ ಜಡ್ಜನ್ನು ಮುಖ್ಯಮಂತ್ರಿ ಎತ್ತಂಗಡಿ ಮಾಡಿಸಬಹುದಾ?

ಪ್ರಶ್ನೆ: ಸುಪ್ರೀಂ ಕೋರ್ಟ್ ಕೇಂದ್ರದ್ದು, ಹೈಕೋರ್ಟ್ ರಾಜ್ಯದ್ದು ಅಲ್ವಾ ಸರ್? ಹಾಗಿದ್ದ ಮೇಲೆ ಸರ್ಕಾರದ ವಿರುದ್ಧ ತೀರ್ಪು ಕೊಟ್ಟ ಜಡ್ಜನ್ನು ಮುಖ್ಯಮಂತ್ರಿ ಸುಮ್ನೆ ಬಿಡ್ತಾರಾ?

ಬಿಡಲೇಬೇಕು. ಬೇರೆ ದಾರಿ ಇಲ್ಲ.

ರಾಜ್ಯ ಸರ್ಕಾರಕ್ಕೆ ಹೈಕೋರ್ಟಿನಲ್ಲಿ ಹಿನ್ನಡೆಯಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೇಳುವವರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಸ್ವಲ್ಪ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಓದಿ ಎನ್ನಬಹುದು.

ತಪ್ಪು ಎಲ್ಲಿ ಹುಟ್ಟುತ್ತದೆ ಅಂತ ಗೊತ್ತು. ದಿಲ್ಲಿಯಲ್ಲಿ ಪ್ರಧಾನಿ, ಇಲ್ಲಿ ಮುಖ್ಯಮಂತ್ರಿ. ಅಲ್ಲಿ ಸಂಸತ್ತು, ಇಲ್ಲಿ ವಿಧಾನಮಂಡಲ. ಅಲ್ಲಿ ರಾಷ್ಟ್ರಪತಿ, ಇಲ್ಲಿ ರಾಜ್ಯಪಾಲರು. ಹೀಗೆ ಜೋಡಿ ಕೂಡಿಸುತ್ತಾ ಹೋದರೆ ಕೋರ್ಟೂ ಹಾಗೇ ಇರಬೇಕು ಅನ್ನಿಸುತ್ತದೆ. ಸಾಲದ್ದಕ್ಕೆ ಬೆಂಗಳೂರಿನಲ್ಲಿ ಹೈಕೋರ್ಟ್ ವಿಧಾನಸೌಧದ ಎದುರಿಗೇ ನಿಂತಿದೆ. ಆದರೆ ನಮ್ಮಲ್ಲಿ ಸರ್ಕಾರ ಎರಡು, ಕೋರ್ಟುಗಳ ಸಾಲು ಒಂದೇ. ಅಮೆರಿಕದಲ್ಲಿ ಕೇಂದ್ರದ ಕೋರ್ಟುಗಳೇ ಬೇರೆ, ರಾಜ್ಯಗಳವೇ ಬೇರೆ. ನಮ್ಮ ಸಂವಿಧಾನ ಆ ದಾರಿ ಹಿಡಿಯಲಿಲ್ಲ.

ಚೆಕ್ ಬೌನ್ಸ್ ಕೇಸನ್ನೇ ನೋಡಿ. ಆ ಕಾಯ್ದೆ 1881ರದು. ಇವತ್ತು ಅದನ್ನು ತಿದ್ದುವ ಅಧಿಕಾರ ಇರುವುದು ಸಂಸತ್ತಿಗೆ. ಆದರೂ ಕೇಸು ನಡೆಯುವುದು ತಾಲ್ಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ. ಅದೇ ಜಡ್ಜ್ ಅದೇ ದಿನ ರಾಜ್ಯದ ಅಬಕಾರಿ ಕಾಯ್ದೆಯ ಕೇಸನ್ನೂ ಕೇಳುತ್ತಾರೆ. ಚೆಕ್ ಕೇಸಿನಲ್ಲಿ ಶಿಕ್ಷೆಯಾದವನು ಸೆಷನ್ಸ್ ಕೋರ್ಟಿಗೆ ಹೋಗುತ್ತಾನೆ, ಅಲ್ಲಿಂದ ಹೈಕೋರ್ಟಿಗೆ, ಹಟವೂ ದುಡ್ಡೂ ಇದ್ದರೆ ಸುಪ್ರೀಂ ಕೋರ್ಟಿಗೆ. ಇದು ಕೇಂದ್ರದ ಕಾನೂನು, ಇಲ್ಲಿಗ್ಯಾಕೆ ತಂದೆ ಅಂತ ಯಾರೂ ಕೇಳುವುದಿಲ್ಲ.

ಇನ್ನು ನೇಮಕ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ಜಡ್ಜ್‌ಗಳು ಹೆಸರು ಆರಿಸುತ್ತಾರೆ. ಅದು ಮುಖ್ಯಮಂತ್ರಿ, ರಾಜ್ಯಪಾಲರ ಮುಂದೆ ಬರುವುದು ನಿಜ. ಅಭಿಪ್ರಾಯ ಹೇಳಲು ಆರು ವಾರ ಸಮಯ ಇರುತ್ತದೆ. ಹೇಳದಿದ್ದರೆ ಹೇಳುವುದೇನೂ ಇಲ್ಲ ಎಂದುಕೊಂಡು ಕಡತ ಮುಂದಕ್ಕೆ ಹೋಗಬಹುದು. ಆಮೇಲೆ ಕೇಂದ್ರದ ಕಾನೂನು ಸಚಿವಾಲಯ, ಸುಪ್ರೀಂ ಕೋರ್ಟಿನ ಕೊಲಿಜಿಯಂ (ಅಂದರೆ ಅಲ್ಲಿನ ಹಿರಿಯ ಜಡ್ಜ್‌ಗಳ ಗುಂಪು), ಕೊನೆಗೆ ರಾಷ್ಟ್ರಪತಿಯ ಸಹಿ. ವರ್ಗಾವಣೆಯಲ್ಲಂತೂ ರಾಜ್ಯ ಸರ್ಕಾರದ ಪಾತ್ರವೇ ಇಲ್ಲ. ಸಂವಿಧಾನದ 222ನೇ ವಿಧಿ ಅದನ್ನು ರಾಷ್ಟ್ರಪತಿಗೆ ಕೊಟ್ಟಿದೆ, ಭಾರತದ ಮುಖ್ಯ ನ್ಯಾಯಮೂರ್ತಿಯನ್ನು ಕೇಳಿ ಮಾಡಬೇಕು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯನ್ನು ಸಾಮಾನ್ಯವಾಗಿ ಹೊರರಾಜ್ಯದಿಂದಲೇ ತರುತ್ತಾರೆ. ನಮ್ಮ ಹೈಕೋರ್ಟಿನ ಮುಖ್ಯಸ್ಥರಿಗೆ ಕನ್ನಡ ಬರದಿರುವುದು ಯಾಕೆ ಎಂದು ಕೇಳುವವರಿಗೂ ಇದೇ ಉತ್ತರ.

ದಿಲ್ಲಿಯಲ್ಲಿ ಕಡತ ತಿಂಗಳುಗಟ್ಟಲೆ ಕೂರುತ್ತದಲ್ಲ ಎಂದರೆ, ಕೂರುತ್ತದೆ. ಆ ಜಗಳ ಕೇಂದ್ರಕ್ಕೂ ಕೊಲಿಜಿಯಂಗೂ ನಡುವಿನದು. ನೇಮಕಕ್ಕೆಂದು ಸಂಸತ್ತು ತಂದ ಆಯೋಗವನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿದ ಮೇಲೂ ಅದು ತಣ್ಣಗಾಗಿಲ್ಲ. ಮುಖ್ಯಮಂತ್ರಿಗೆ ಅದರಲ್ಲಿ ಕುರ್ಚಿ ಇಲ್ಲ.

ಇಷ್ಟು ಹೇಳಿದ ಮೇಲೂ ಒಬ್ಬರು ಕೈ ಎತ್ತುತ್ತಾರೆ: ‘ಸಂಬಳ ಕೊಡೋದು ರಾಜ್ಯ ತಾನೇ? ಕೊಡೋ ಕೈಗೆ ಹಿಡಿತ ಇಲ್ವಾ?’

ಒಳ್ಳೆಯ ಪ್ರಶ್ನೆ, ಒಪ್ಪುತ್ತೇನೆ. ಕೊಡುವುದು ರಾಜ್ಯದ ಖಜಾನೆಯೇ. ಆದರೆ ಎಷ್ಟು ಕೊಡಬೇಕು ಎಂದು ಗೊತ್ತುಮಾಡುವುದು ಸಂಸತ್ತು. ಹೈಕೋರ್ಟ್ ಜಡ್ಜ್‌ಗೆ ತಿಂಗಳಿಗೆ 2.25 ಲಕ್ಷ, ಮುಖ್ಯ ನ್ಯಾಯಮೂರ್ತಿಗೆ 2.5 ಲಕ್ಷ ಎಂದು 2018ರಲ್ಲಿ ತಿದ್ದಿದ್ದು ಸಂಸತ್ತೇ. ಬಜೆಟ್ಟಿನಲ್ಲಿ ಈ ಬಾಬ್ತನ್ನು ವಿಧಾನಸಭೆ ಚರ್ಚಿಸಬಹುದು, ಮತಕ್ಕೆ ಹಾಕುವ ಹಾಗಿಲ್ಲ. ಒಂದು ರೂಪಾಯಿ ಕಡಿತದ ನಿರ್ಣಯವೂ ನಡೆಯುವುದಿಲ್ಲ. ನಿವೃತ್ತಿಯಾದ ಮೇಲೆ ಪಿಂಚಣಿ ಬರುವುದು ಕೇಂದ್ರದ ಖಜಾನೆಯಿಂದ. ಇನ್ನು ಜಡ್ಜ್ ಕೆಲಸದಲ್ಲಿ ಹೇಗೆ ನಡೆದುಕೊಂಡರು ಎಂದು ಸದನದಲ್ಲಿ ಮಾತಾಡುವುದನ್ನೇ 211ನೇ ವಿಧಿ ತಡೆಯುತ್ತದೆ. ತೆಗೆದುಹಾಕಬೇಕೆಂದರೆ ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಇಷ್ಟೆಲ್ಲ ಬೇಲಿ ಹಾಕಿರುವುದೇ ಕೊಡುವ ಕೈ ಹಿಡಿಯುವ ಕೈ ಆಗಬಾರದು ಅಂತ.

ನಂಬಿಕೆ ಬರದಿದ್ದರೆ ನಮ್ಮ ರಾಜ್ಯದ್ದೇ ಕಥೆ ಇದೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಬೊಮ್ಮಾಯಿ ಮೊದಲು ಹೋಗಿದ್ದು ಕರ್ನಾಟಕ ಹೈಕೋರ್ಟಿಗೆ. ಅದು ರಾಜ್ಯದ ಕೋರ್ಟೇ ಆಗಿದ್ದರೆ ಅಲ್ಲೇ ಗೆಲ್ಲಬೇಕಿತ್ತು. ಹೈಕೋರ್ಟ್ ಅರ್ಜಿ ವಜಾ ಮಾಡಿತು. 1994ರಲ್ಲಿ, ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ ಎಂದದ್ದು ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ. ‘ಕೇಂದ್ರದ ಕೋರ್ಟ್’ ಕೇಂದ್ರವನ್ನೇ ತಪ್ಪಿತಸ್ಥ ಮಾಡಿತು! ಅಷ್ಟು ಹೊತ್ತಿಗೆ ಆ ವಿಧಾನಸಭೆಯ ಅವಧಿಯೇ ಮುಗಿದಿತ್ತು, ಅದು ಬೇರೆ ಮಾತು.

ಯಾರೂ ಕೇಳದ, ಆದರೆ ಜನರಿಗೆ ಜಾಸ್ತಿ ಬೇಕಾಗುವ ಪ್ರಶ್ನೆ ಇನ್ನೊಂದಿದೆ. ನಮ್ಮ ನಿಮ್ಮ ಕೇಸು ಇರುವುದು ತಾಲ್ಲೂಕು ಕೋರ್ಟಿನಲ್ಲಿ. ಅಲ್ಲಿನ ಜಡ್ಜ್ ಯಾರ ಕೈಕೆಳಗೆ? ಇಲ್ಲಿ ಸರ್ಕಾರದ ಹೆಸರು ಸ್ವಲ್ಪ ಜಾಸ್ತಿ ಕಾಣುತ್ತದೆ. ಜಿಲ್ಲಾ ನ್ಯಾಯಾಧೀಶರ ನೇಮಕದ ಆದೇಶ ರಾಜ್ಯಪಾಲರ ಹೆಸರಲ್ಲಿ ಹೊರಡುತ್ತದೆ. ಕಟ್ಟಡ, ಸಿಬ್ಬಂದಿ, ಹೊಸ ಕೋರ್ಟು ಮಂಜೂರು, ಇವಕ್ಕೆಲ್ಲ ಹೆಚ್ಚಾಗಿ ರಾಜ್ಯದ ದುಡ್ಡೇ. ಹೊಸ ಕೋರ್ಟಿಗಾಗಿ ವಕೀಲರು ಮಂತ್ರಿಗಳ ಬಾಗಿಲು ತಟ್ಟುವುದು ಅದಕ್ಕೇ. ಆದರೆ ವರ್ಗಾವಣೆ, ಬಡ್ತಿ, ರಜೆ, ಶಿಸ್ತು ಕ್ರಮ, ಇವೆಲ್ಲ 235ನೇ ವಿಧಿಯ ಪ್ರಕಾರ ಹೈಕೋರ್ಟಿನ ಹಿಡಿತದಲ್ಲಿವೆ. ಸಿವಿಲ್ ಜಡ್ಜ್ ಪರೀಕ್ಷೆ ನಡೆಸುವುದೂ ಹೈಕೋರ್ಟೇ.

ಆದ್ದರಿಂದ ಜಡ್ಜ್ ಮೇಲಿನ ದೂರನ್ನು ಜನತಾ ದರ್ಶನಕ್ಕೆ ಹೊತ್ತೊಯ್ಯಬೇಡಿ. ಮುಖ್ಯಮಂತ್ರಿ ಕಚೇರಿ ಅದನ್ನು ಹೈಕೋರ್ಟಿಗೆ ದಾಟಿಸಬಹುದು, ಅಷ್ಟೇ. ನೇರವಾಗಿ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್‌ಗೆ ಬರೆಯಿರಿ. ಅಫಿಡವಿಟ್ಟೂ ದಾಖಲೆಯೂ ಜೊತೆಗಿರಲಿ, ಬರೀ ಆರೋಪದ ಪತ್ರಕ್ಕೆ ಬೆಲೆ ಇಲ್ಲ. ತೀರ್ಪು ನಿಮಗೆ ವಿರುದ್ಧ ಬಂತು ಅನ್ನುವುದಷ್ಟೇ ದೂರಾದರೆ ಅದಕ್ಕೆ ಪತ್ರ ಬೇಡ, ವಕೀಲರಿಗೆ ಹೇಳಿ ಅಪೀಲು ಹಾಕಿಸಿ. ಗಡುವು ಮೀರುವುದರೊಳಗೆ.