ಕಾಂಪ್ಲೆಕ್ಸಿನವರು ಕಾರಿನ ಚಕ್ರಕ್ಕೆ ಲಾಕ್ ಹಾಕಬಹುದೇ?

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಾಂಪ್ಲೆಕ್ಸೊಂದರ ತಳಮಹಡಿಯಲ್ಲಿ ಕಾರು ನಿಲ್ಲಿಸಿ ಬಟ್ಟೆ ಕೊಂಡೆವು. ಅಲ್ಲಿಂದ ಎದುರಿನ ದವಾಖಾನೆಗೆ ಹೋಗಿ ಬರುವಷ್ಟರಲ್ಲಿ ಮುಂದಿನ ಚಕ್ರಕ್ಕೆ ಲಾಕ್ ಬಿದ್ದಿತ್ತು. 500 ರೂಪಾಯಿ ಕೊಟ್ಟರೆ ಮಾತ್ರ ತೆಗೆಯುವುದಾಗಿ ಹೇಳಿದರು. ರಸೀದಿ ಕೇಳಿದರೆ ಗೋಡೆಯ ಮೇಲಿನ ಬೋರ್ಡು ತೋರಿಸಿದರು. ಅವರಿಗೆ ಈ ಅಧಿಕಾರವಿದೆಯೇ?

ಉತ್ತರ: ಇಲ್ಲ. ಜಾಗ ಅವರದು, ಯಾರು ಎಷ್ಟು ಹೊತ್ತು ನಿಲ್ಲಿಸಬೇಕೆಂಬ ನಿಯಮವೂ ಅವರದೇ ಇರಲಿ. ಲಾಕ್ ಹಾಕುವ ಅಧಿಕಾರ ಮಾತ್ರ ಅವರದಲ್ಲ.

ಚಕ್ರಕ್ಕೆ ಲಾಕ್ ಹಾಕುವ ಮಾತು ಬರುವುದು 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಲ್ಲಿ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಬಿಟ್ಟುಹೋದ ವಾಹನಕ್ಕೆ, ಇಲ್ಲವೇ ನಿಲುಗಡೆ ನಿಷೇಧವಿರುವಲ್ಲಿ ನಿಂತ ವಾಹನಕ್ಕೆ ಲಾಕ್ ಹಾಕಲು ಅಥವಾ ಅದನ್ನು ಎಳೆದೊಯ್ಯಲು ಅಪ್ಪಣೆ ಕೊಡಬಲ್ಲವರು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಕಾವಲುಗಾರರ ಅಂಗಿ ಆ ಸಮವಸ್ತ್ರವಲ್ಲ. ‘ಇದು ಖಾಸಗಿ ಜಾಗ, ಆ ಕಲಮು ಇಲ್ಲಿ ನಡೆಯದು’ ಎಂದು ಕಾಂಪ್ಲೆಕ್ಸಿನವರು ವಾದಿಸಬಹುದು. ವಾದಿಸಲಿ. ಸಾರ್ವಜನಿಕ ಸ್ಥಳವಾದರೆ ಲಾಕ್ ಪೊಲೀಸರ ಕೈಯಲ್ಲಿದೆ. ಅಲ್ಲವಾದರೆ ಆ ಕಲಮೇ ಅನ್ವಯಿಸದು, ಅದರೊಳಗಿನ ಅಧಿಕಾರವೂ ಇಲ್ಲ. ಎರಡೂ ದಾರಿಯಲ್ಲಿ ಅವರ ಕೈಗೆ ಏನೂ ಸಿಗುವುದಿಲ್ಲ.

ಗ್ಯಾರೇಜಿನವರು ದುಡ್ಡು ಕೊಡುವವರೆಗೆ ಗಾಡಿ ಬಿಡುವುದಿಲ್ಲವಲ್ಲ, ಅದು ಹೇಗೆ ಎಂದು ಕೇಳುವವರಿದ್ದಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 170ನೇ ಕಲಮು ಆ ಹಕ್ಕನ್ನು ಕೊಡುತ್ತದೆ. ಆದರೆ ಅದು ನಮ್ಮ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿದವರಿಗೆ. ನಿಂತ ಕಾರಿನ ಮೇಲೆ ಪಾರ್ಕಿಂಗಿನವರು ಹಾಕಿದ ಕೌಶಲವೆಂದರೆ ಆ ಲಾಕ್ ಒಂದೇ.

ಇನ್ನು ಬೋರ್ಡು. ‘ಗ್ರಾಹಕರಲ್ಲದವರಿಗೆ 500 ರೂಪಾಯಿ ದಂಡ’ ಎಂದು ಕಣ್ಣಿಗೆ ಬೀಳುವಂತೆ ಬರೆದಿದ್ದರೂ, ಅದನ್ನು ನೀವು ಒಪ್ಪಿಯೇ ಒಳಗೆ ಬಂದಿರಿ ಎಂದಿಟ್ಟುಕೊಂಡರೂ, ಅದೇ ಕಾಯ್ದೆಯ 74ನೇ ಕಲಮಿನ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲ್ಮಿತಿಯೇ ಹೊರತು ಕಣ್ಣುಮುಚ್ಚಿ ತೆರಬೇಕಾದ ದರವಲ್ಲ. ಅದನ್ನು ವಸೂಲು ಮಾಡುವ ಜಾಗ ನ್ಯಾಯಾಲಯವೇ ಹೊರತು ತಳಮಹಡಿಯಲ್ಲ. ಬೋರ್ಡುಗಳಿಗೆ ಅಷ್ಟೊಂದು ಹೆದರಬೇಕಿಲ್ಲ. ಹೋಟೆಲ್ ಸಿಬ್ಬಂದಿಗೆ ಕೀಲಿ ಒಪ್ಪಿಸಿದ ಮೇಲೆ ಕಳುವಾದ ಕಾರಿನ ಪ್ರಕರಣದಲ್ಲಿ, ‘ಮಾಲೀಕರದೇ ಜವಾಬ್ದಾರಿ’ ಎಂಬ ಚೀಟಿಯ ಬರಹ ಹೋಟೆಲಿನ ನಿರ್ಲಕ್ಷ್ಯವನ್ನು ಮುಚ್ಚಲಾರದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಹೇಳಿತು. ಆ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಒಪ್ಪಂದ ಕಾಯ್ದೆಯ 72ನೇ ಕಲಮು. ಬಲವಂತಕ್ಕೆ ಸಿಕ್ಕು ಕೊಟ್ಟ ಹಣವನ್ನು ಪಡೆದವರು ಹಿಂದಿರುಗಿಸಬೇಕು ಎನ್ನುತ್ತದೆ ಅದು. ಅದರ ಕೆಳಗೆ ಶಾಸನದಲ್ಲೇ ಒಂದು ಉದಾಹರಣೆ ಇದೆ: ರೈಲ್ವೆ ಕಂಪನಿಯೊಂದು ಅಕ್ರಮ ಶುಲ್ಕ ಕೊಡದೆ ಸರಕು ಬಿಡುವುದಿಲ್ಲ ಎನ್ನುತ್ತದೆ, ಸರಕಿನವರು ಬೇರೆ ದಾರಿಯಿಲ್ಲದೆ ಕೊಡುತ್ತಾರೆ, ಹೆಚ್ಚುವರಿಯಾಗಿ ಕೊಟ್ಟಷ್ಟನ್ನು ಅವರು ಮರಳಿ ಪಡೆಯಬಹುದು. ಕಾರೇ ಇಲ್ಲದ ಕಾಲದ ಕಾನೂನು ನಿಮ್ಮ ಕಾರಿನ ಪ್ರಸಂಗವನ್ನೇ ಹೇಳುತ್ತಿದೆ. ಆದ್ದರಿಂದ ಜೊತೆಯಲ್ಲಿ ರೋಗಿ ಇದ್ದಾಗ, ಮಗು ಅಳುತ್ತಿರುವಾಗ, ಹಣ ಕೊಟ್ಟು ಹೊರಟರೆ ಹಕ್ಕು ಹೋಯಿತೆಂದಲ್ಲ.

ಕೊಡುವ ರೀತಿ ಮಾತ್ರ ಮುಖ್ಯ. ನಗದು ಬೇಡ, ಫೋನಿನಿಂದಲೇ ಪಾವತಿಸಿ, ಟಿಪ್ಪಣಿಯಲ್ಲಿ ‘ಒಪ್ಪಿಗೆಯಿಲ್ಲದೆ, ಲಾಕ್ ತೆಗೆಸಲು’ ಎಂದು ಬರೆಯಿರಿ. ಹಣ ಕಾಂಪ್ಲೆಕ್ಸಿನ ಖಾತೆಗೆ ಹೋಗುತ್ತದೆಯೋ ಯಾರದೋ ಸ್ವಂತ ಖಾತೆಗೋ ಎಂಬುದೂ ಆಗ ಗೊತ್ತಾಗುತ್ತದೆ. ರಸೀದಿ ಕೊಡದ ದಂಡದ ಕಥೆ ಸಾಮಾನ್ಯವಾಗಿ ಅಲ್ಲೇ ಬಯಲಾಗುತ್ತದೆ. ಲಾಕ್, ಬೋರ್ಡು, ಕಾರು ನಿಂತ ಗೆರೆ, ಎಲ್ಲದರ ಫೋಟೊ ತೆಗೆದುಕೊಳ್ಳಿ. ಸುತ್ತಿಗೆಯಿಂದ ಲಾಕ್ ಒಡೆಯಲು ಹೋಗಬೇಡಿ. ಈವರೆಗೆ ದೂರು ನಿಮ್ಮದು, ಒಡೆದ ಕ್ಷಣದಿಂದ ಅವರದು.

ಸಮಯವಿದ್ದರೆ ಹಣ ಕೊಡದೆ 112ಕ್ಕೆ ಕರೆ ಮಾಡಿ. ಪೊಲೀಸರು ಬರುತ್ತಾರೆಂದ ಕೂಡಲೇ ಲಾಕಿನ ಕೀಲಿ ಹೊರಗೆ ಬರುವುದೂ ಉಂಟು. ಲಿಖಿತ ದೂರು ಕೊಡುವವರು ಸಾಮಾನ್ಯವಾಗಿ ಹೆಸರಿಸುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮನ್ನು, ಅಂದರೆ ಅಕ್ರಮ ತಡೆ. ಅದರ ಶಿಕ್ಷೆ ಒಂದು ತಿಂಗಳವರೆಗಿನ ಸಾದಾ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದು ವ್ಯಕ್ತಿಯನ್ನು ತಡೆಯುವ ಅಪರಾಧ. ‘ಕಾರನ್ನು ತಡೆದೆವು, ಇವರು ನಡೆದು ಹೋಗಬಹುದಿತ್ತು’ ಎಂದು ಎದುರು ವಕೀಲರು ಹೇಳಿಯೇ ಹೇಳುತ್ತಾರೆ. ನನ್ನ ಸಲಹೆ, ಅದನ್ನೊಂದನ್ನೇ ನಂಬಿ ಕೂರಬೇಡಿ.

ನೀವು ಬಟ್ಟೆ ಕೊಂಡವರು, ಬಿಲ್ಲು ಇದೆ. ಹಾಗಾಗಿ ಗ್ರಾಹಕರ ದಾರಿ ಹಿಡಿಯುವುದು ಸುಲಭ. ಮೊದಲು 1915 ಸಹಾಯವಾಣಿ, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಸರಕು ಅಥವಾ ಸೇವೆಗೆ ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ಘಟನೆ ನಡೆದು ಎರಡು ವರ್ಷದೊಳಗೆ ಸಲ್ಲಿಸಬೇಕು. ಏನನ್ನೂ ಕೊಳ್ಳದೆ, ಪಾರ್ಕಿಂಗ್ ಶುಲ್ಕವನ್ನೂ ಕೊಡದೆ ನಿಲ್ಲಿಸಿ ಹೋದವರಿಗೆ ಈ ಬಾಗಿಲು ತೆರೆಯುವುದು ಕಷ್ಟ.

ಅಂಥವರ ಬಗ್ಗೆ ಕಾಂಪ್ಲೆಕ್ಸಿನವರ ಸಿಟ್ಟು ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಬೆಳಿಗ್ಗೆ ಕಾರು ಬಿಟ್ಟು ಸಂಜೆ ಬರುವವರಿಂದ ಅಂಗಡಿಯ ಗಿರಾಕಿಗೆ ಜಾಗ ಸಿಗದು. ಅದಕ್ಕೆ ಗೇಟು, ಚೀಟಿ, ಗಂಟೆಯ ದರ ಇವೆ. ದಾರಿಗೆ ಅಡ್ಡ ನಿಂತಿದ್ದರೆ ಅವರೂ ಸಂಚಾರ ಪೊಲೀಸರನ್ನು ಕರೆಯಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥದ್ದೇ ಜಗಳಗಳು ವರ್ಷಗಟ್ಟಲೆ ನಡೆದು, 2012ರ ಅಕ್ಟೋಬರ್ 1ರಿಂದ ಕಾನೂನಿನ ಅಧಿಕಾರವಿಲ್ಲದೆ ಖಾಸಗಿ ಜಾಗದಲ್ಲಿ ಲಾಕ್ ಹಾಕುವುದೇ ಅಪರಾಧವಾಯಿತು. ಸ್ಕಾಟ್ಲೆಂಡಿನ ನ್ಯಾಯಾಲಯ 1992ರಲ್ಲೇ ಇದನ್ನು ಸುಲಿಗೆ ಎಂದಿತ್ತು.

ಕಲಬುರಗಿ, ಬೀದರ್ ಕಡೆಯವರು ಖರೀದಿಗೆ ಹೈದರಾಬಾದಿಗೆ ಹೋಗುವುದು ಹೆಚ್ಚು, ಅಲ್ಲಿನ ನಿಯಮ ಬೇರೆ. ತೆಲಂಗಾಣ ಸರ್ಕಾರದ 2018ರ ಆದೇಶದಂತೆ ಮಾಲ್‌ಗಳಲ್ಲಿ ಮೊದಲ 30 ನಿಮಿಷಕ್ಕೆ ಶುಲ್ಕವಿಲ್ಲ. ಒಂದು ಗಂಟೆಯವರೆಗಾದರೆ ಯಾವುದೇ ಖರೀದಿಯ ಬಿಲ್ಲು ತೋರಿಸಿದರೆ ಸಾಕು, ಅದಕ್ಕೂ ಹೆಚ್ಚಾದರೆ ಬಿಲ್ಲಿನ ಮೊತ್ತ ಪಾರ್ಕಿಂಗ್ ಶುಲ್ಕಕ್ಕಿಂತ ಹೆಚ್ಚಿರಬೇಕು. ಗೇಟು ದಾಟುವವರೆಗೆ ಬಿಲ್ಲು ಕೈಯಲ್ಲೇ ಇರಲಿ.