ಕಬ್ಬಿನ ಜಲ್ಲೆಯಲ್ಲಿ ಕಲಿತ ದವಡೆಯ ಲೆಕ್ಕ

ಕೆಳದವಡೆ ಮರುಜೋಡಣೆಯ ಪಾಠವನ್ನು ಮೈಸೂರಿನ ಹಾಸ್ಟೆಲಿನಲ್ಲಿ ಎಷ್ಟು ಸಲ ಓದಿದರೂ ನನಗೆ ಹಿಡಿತಕ್ಕೆ ಸಿಕ್ಕಿರಲಿಲ್ಲ. ಮಂಡ್ಯದ ಮನೆಯಲ್ಲಿ ಒಂದು ಜಲ್ಲೆ ಕಬ್ಬು, ಒಂದು ಚಾಕು ಹಿಡಿದು ಕೂತಾಗ ಅರ್ಥವಾಯಿತು. ನೀವೂ ಮಾಡಿ ನೋಡಿ.

ಬಾಯಿ ಕ್ಯಾನ್ಸರಿನಲ್ಲಿ ದವಡೆಯ ತುಂಡು ತೆಗೆದ ಮೇಲೆ ಅಲ್ಲಿಗೆ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ತೆಳುವಾದ ಫಿಬ್ಯುಲಾ ಮೂಳೆಯನ್ನು ರಕ್ತನಾಳದ ಸಮೇತ ತಂದು ಕೂರಿಸುತ್ತಾರೆ. ಇದೇ ಮರುಜೋಡಣೆ. ಸರ್ಜನ್ ಡೇವಿಡ್ ಹಿಡಾಲ್ಗೊ ಇದನ್ನು 1989ರಲ್ಲಿ ಪ್ರಕಟಿಸಿದರು. ಫಿಬ್ಯುಲಾ ನೆಟ್ಟಗಿದೆ, ದವಡೆ ಬಾಗಿದೆ. ತೊಡಕು ಅಲ್ಲೇ ಇರೋದು.

ಫಿಬ್ಯುಲಾ ಬದಲು ಕಬ್ಬು ಹಿಡಿಯಿರಿ. ಅದು ಬಾಗಬೇಕಾದರೆ ನಡುವೆ ಬೆಣೆಯಂಥ ಚೂರು ತೆಗೆಯಬೇಕು. 30 ಡಿಗ್ರಿ ಬಾಗು ಬೇಕಾದರೆ ಕುಯ್ದ ಎರಡೂ ಮುಖಕ್ಕೆ 15ರಂತೆ ಹಂಚಬೇಕು. ಒಂದೇ ಕಡೆ 30 ಕುಯ್ದರೆ ಮುಖಗಳ ಅಳತೆ ಬೇರೆಯಾಗಿ ಅಂಚು ಹೊಂದುವುದಿಲ್ಲ. ನಾನು ಮೊದಲು ಕಣ್ಣಂದಾಜಿನಲ್ಲಿ ಕುಯ್ದೆ. ಜೋಡಿಸಿ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಮೂಳೆಯಲ್ಲಿ ಅಂಥ ಸಂದಿ ಉಳಿದರೆ ಕೂಡಿಕೊಳ್ಳುವುದು ಕಷ್ಟ. ಆಮೇಲೆ ರಟ್ಟಿನಲ್ಲಿ ಸೀಳು ಮಾಡಿ, ಜಲ್ಲೆಗೆ ಸುತ್ತಿ, ಆ ಸೀಳಿನಲ್ಲೇ ಚಾಕು ಆಡಿಸಿದೆ. ಅಚ್ಚುಕಟ್ಟಾಗಿ ಕೂತಿತು. ಆ ರಟ್ಟೇ ಕಟಿಂಗ್ ಗೈಡ್. ತ್ರೀಡಿ ಪ್ರಿಂಟರ್ ಮಾಡಿಕೊಡುವುದು ಅದನ್ನೇ.

ಸೀಳು ಎಲ್ಲಿರಬೇಕು ಅನ್ನುವುದು ಕಂಪ್ಯೂಟರಿನ ಕೆಲಸ. 1 ಮಿ.ಮೀ. ಅಥವಾ ಇನ್ನೂ ತೆಳುವಾದ ಸಿಟಿ ಸ್ಲೈಸ್‌ಗಳಿಂದ, ಅಂದರೆ ಸ್ಕ್ಯಾನಿನ ಪದರು ಚಿತ್ರಗಳಿಂದ, ಮೂಳೆಯ ಆಕಾರವನ್ನಷ್ಟೇ ಬೇರ್ಪಡಿಸುತ್ತಾರೆ. ಇದೇ ಸೆಗ್ಮೆಂಟೇಶನ್. ಹೆಚ್ಚಿನ ತಪ್ಪು ಇಲ್ಲೇ ನುಸುಳುತ್ತದೆ ಅನ್ನೋದು ನನ್ನ ಅಭಿಪ್ರಾಯ. ಕಣ್ಣುಗುಳಿಯ ತಳದಂಥ ತೆಳು ಮೂಳೆಯಲ್ಲಿ ಇಲ್ಲದ ತೂತು ಕಾಣುತ್ತದೆ. ಹಲ್ಲಿಗೆ ಲೋಹದ ಕ್ಯಾಪ್ ಇದ್ದರೆ ಚಿತ್ರದ ತುಂಬ ಗೆರೆ ಬೀಳುತ್ತದೆ. ಆಗ ಹಲ್ಲಿನ ಅಚ್ಚನ್ನು ಬೇರೆಯಾಗಿ ಸ್ಕ್ಯಾನ್ ಮಾಡಿ ಸೇರಿಸಬೇಕು. ಚೆನ್ನಾಗಿರುವ ಪಕ್ಕವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆಟ್ಟ ಪಕ್ಕಕ್ಕೆ ಅಳತೆ ತೆಗೆಯುತ್ತಾರೆ. ಗೆಡ್ಡೆ ನಡುಗೆರೆ ದಾಟಿದ್ದರೆ ಇದು ನಡೆಯುವುದಿಲ್ಲ, ಅಲ್ವಾ?

ಕಬ್ಬಿಗೂ ಮೂಳೆಗೂ ಒಂದು ವ್ಯತ್ಯಾಸ ಮರೆಯಬೇಡಿ. ಫಿಬ್ಯುಲಾ ಪಕ್ಕದಲ್ಲೇ ಪೆರೋನಿಯಲ್ ರಕ್ತನಾಳ ಹರಿಯುತ್ತದೆ, ಅದಕ್ಕೆ ಗರಗಸ ತಾಗಬಾರದು. ತುಂಡು ಸುಮಾರು 2 ಸೆಂ.ಮೀ.ಗಿಂತ ಚಿಕ್ಕದಾದರೆ ಅದಕ್ಕೆ ರಕ್ತ ಸಾಲದೆ ಹೋಗಬಹುದು. ಪಾದದ ಕೀಲು ಗಟ್ಟಿಯಾಗಿರಲು ಕೆಳತುದಿಯಲ್ಲಿ 6ರಿಂದ 8 ಸೆಂ.ಮೀ. ಮೂಳೆ ಬಿಡಲೇಬೇಕು.

ಪ್ರಿಂಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಿಂಟರಿಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ಉಪಕರಣಗಳ ರೋಗಾಣು ಕೊಲ್ಲುವ ಹಬೆಯಂತ್ರ ಆಟೋಕ್ಲೇವ್ 121 ಡಿಗ್ರಿ ಮುಟ್ಟುತ್ತದೆ. ಅದರಲ್ಲಿ ಇಡುವ ಗೈಡಿಗೆ ಶಾಖ ತಡೆಯುವ ವಸ್ತುವೇ ಬೇಕು.

ಸ್ಕ್ಯಾನಿಗೂ ಆಪರೇಷನ್ನಿಗೂ ನಡುವೆ ದಿನ ಕಳೆದರೆ ಗೆಡ್ಡೆ ಬೆಳೆದಿರಬಹುದು, ಆಗ ಕುಯ್ಯಲು ಗುರುತಿಸಿದ ಹಳೆಯ ಗೆರೆ ಸಾಲುವುದಿಲ್ಲ. ಅದಕ್ಕೇ ಕೆಲವರು ದವಡೆಯ ಗೈಡಿನಲ್ಲಿ ಎರಡು ಸೀಳು ಇಡಿಸುತ್ತಾರೆ, ಒಂದು ಹಳೆಯ ಗೆರೆಗೆ, ಇನ್ನೊಂದು ಅದರ ಆಚೆಗೆ. ಆಗ ಕಾಲಿನ ಗೈಡಿನಲ್ಲೂ ಅದಕ್ಕೆ ಜೋಡಿ ಸೀಳು ಇರಲೇಬೇಕು.